ಒಣಕಲ್ಲಿಗೆ ಹೆಪ್ಪು

ಉಪ್ಪುನೀರಿನ ಅಕ್ವೇರಿಯಂ ಶುರುಮಾಡುವವರು ದುಬಾರಿ ಲೈವ್ ರಾಕ್‌ಗೆ, ಅಂದರೆ ಜೀವಂತ ಕಲ್ಲಿಗೆ, ಹೆದರಬೇಕಿಲ್ಲ. ಕಲ್ಲಿಗೆ ಜೀವ ಕೊಡುವುದು ಅದರ ರಂಧ್ರಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಾ. ಅಗ್ಗದ ಒಣಕಲ್ಲು, ಒಣ ಅರಗೊನೈಟ್ ಮರಳು ಹಾಕಿ, ಉಪ್ಪುನೀರು ತುಂಬಿಸಿ. ಆರೋಗ್ಯವಾಗಿರುವ ಹಳೆಯ ತೊಟ್ಟಿಯಿಂದ ಅಂಗೈಯಗಲದ ಕಲ್ಲು, ಒಂದು ಲೋಟ ಹಸಿಮರಳು ತಂದು ಸೇರಿಸಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ!

ಚಿಟಿಕೆ ಮೀನಿನ ಆಹಾರ ಹಾಕಿದರೆ ಕೊಳೆತು ಅಮೋನಿಯಾ ಆಗುತ್ತದೆ. ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿಯುವವರೆಗೆ ಮೀನು ಬಿಡಬೇಡಿ.

ಕಲ್ಲು ಬೇಕೆಂದು ನೇತ್ರಾಣಿ ದ್ವೀಪದಂಥ ಕಡೆ ಹವಳದ ಕಲ್ಲಿಗೆ ಮಾತ್ರ ಕೈಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಹವಳಕ್ಕಿದೆ. ಕಡಲಿನದು ಕಡಲಲ್ಲೇ ಇರಲಿ. ನಮಗೆ ಹಿಡಿ ಹೆಪ್ಪು, ಒಂದಿಷ್ಟು ತಾಳ್ಮೆ ಸಾಕು.