ಮೆಹದಿಪಟ್ಟಣಂನ ಸೈಕಲ್ಲು, ಗಂಡಿಪೇಟೆಯ ಮರಳು

ಹೈದರಾಬಾದಿಗೆ ಹೊಸದಾಗಿ ಬಂದವರಿಗೆ ಮೆಹದಿಪಟ್ಟಣಂ ಅಂದರೆ ಬಸ್ಸು ಬದಲಿಸುವ ಜಾಗ. ಮೊಯಿನಾಬಾದ್, ಚೇವೆಳ್ಳ, ವಿಕಾರಾಬಾದ್ ಕಡೆಯ ಬಸ್ಸುಗಳು ಇಲ್ಲಿಂದ ಹೊರಡುತ್ತವೆ. ರೈತು ಬಜಾರಿನಲ್ಲಿ ತರಕಾರಿ ಕೊಂಡವರು, ಸರೋಜಿನಿ ದೇವಿ ಕಣ್ಣಿನ ಆಸ್ಪತ್ರೆಗೆ ಬಂದವರು, ಗಚ್ಚಿಬೌಲಿಯ ಕಚೇರಿಗೆ ಹೊತ್ತಾದವರು ಎಲ್ಲರೂ ಒಂದೇ ರಸ್ತೆಯ ಮೇಲೆ. ಊರಿಗೆ ಹೆಸರು ಕೊಟ್ಟ ಮೆಹದಿ ನವಾಜ್ ಜಂಗ್ ಮುಂದೆ ಗುಜರಾತಿನ ಮೊದಲ ರಾಜ್ಯಪಾಲರಾದವರು. ಈಗ ಈ ಭಾಗದ ಗುರುತು ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ. 2009ರಲ್ಲಿ ತೆರೆದ, ಆರಾಂಘರ್‌ವರೆಗೆ 11.6 ಕಿಲೋಮೀಟರ್ ಉದ್ದದ ಮೇಲ್ಸೇತುವೆ. ಅದರ ಕಂಬಗಳಿಗೆಲ್ಲ ನಂಬರು. ಅತ್ತಾಪುರದವರೆಗೂ ಮನೆ, ಅಂಗಡಿ, ಮದುವೆ ಹಾಲು ಎಲ್ಲದರ ವಿಳಾಸವೂ ‘ಪಿಲ್ಲರ್ ನಂಬರ್ ಇಂಥದ್ದರ ಎದುರಿಗೆ’ ಎಂದೇ. ಮೇಲೆ ದ್ವಿಚಕ್ರಗಳಿಗೆ ಪ್ರವೇಶವಿಲ್ಲ. ಸೈಕಲ್ಲಿನವರು ಕಂಬಗಳ ಕೆಳಗೇ ಹೋಗಬೇಕು.

ನಾನು ಸೇಡಂ ಕಡೆಯವನು. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆಯೂ ಹೈದರಾಬಾದ್ ರಾಜ್ಯದೊಳಗೇ ಇತ್ತು. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲು ನಮ್ಮೂರ ಮೇಲೆಯೇ ಹಾದು ತಾಂಡೂರು, ವಿಕಾರಾಬಾದ್ ದಾಟುತ್ತದೆ. ಹೀಗಾಗಿ ಇಲ್ಲಿನ ‘ನಕ್ಕೋ’, ‘ಹೌ’ ನಮಗೆ ಹೊಸವಲ್ಲ. ಹೊಸದು ಅನ್ನಿಸಿದ್ದು ನೆಲ. ನಮ್ಮದು ಕರಿ ಮಣ್ಣು, ಅದರಡಿ ಪದರ ಪದರವಾಗಿ ಏಳುವ ಸುಣ್ಣಕಲ್ಲು. ಇಲ್ಲಿ ಎಲ್ಲಿ ನೋಡಿದರೂ ಗ್ರಾನೈಟ್ ಗುಂಡು. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಟೋಲಿಚೌಕಿ, ಶೇಕ್‌ಪೇಟೆ ದಾಟಿ ಖಾಜಾಗೂಡದ ಗುಡ್ಡಕ್ಕೆ ಹೋದರೆ ಒಂದರ ಮೇಲೊಂದು ಇಟ್ಟ ಹಾಗಿರುವ ಬಂಡೆಗಳ ನಡುವೆ ಕಾಲುದಾರಿಗಳಿವೆ. ಇನ್ನೊಂದು ದಿಕ್ಕಿಗೆ ಲಂಗರ್ ಹೌಸ್, ಬಾಪೂ ಘಾಟ್, ತಾರಾಮತಿ ಬಾರಾದರಿ ದಾಟಿ ಗಂಡಿಪೇಟೆ. ಭಾನುವಾರ ಬೆಳಗ್ಗೆ ಐದಕ್ಕೆ ಹೊರಟರೆ ಬಿಸಿಲೇರುವುದರೊಳಗೆ ಮನೆಗೆ ಬರಬಹುದು.

ಕಣ್ಣಿಗೆ ಚೆಂದ ಕಾಣುವ ಈ ಕಲ್ಲೇ ಸೈಕಲ್ಲನ್ನು ತಿನ್ನುವುದು. ಗ್ರಾನೈಟ್ ಗಾಳಿ ಮಳೆಗೆ ಸಡಿಲವಾದಾಗ ಅದರೊಳಗಿನ ಫೆಲ್ಡ್‌ಸ್ಪಾರ್ ಕರಗಿ ಜೇಡಿಯಾಗುತ್ತದೆ, ಕ್ವಾರ್ಟ್ಜ್ ಮಾತ್ರ ಚೂಪು ಮರಳಾಗಿ ಉಳಿಯುತ್ತದೆ. ಕ್ವಾರ್ಟ್ಜ್ ಸಾಮಾನ್ಯ ಉಕ್ಕನ್ನು ಗೀರುವಷ್ಟು ಗಟ್ಟಿ. ಈ ಮರಳು ಚೈನಿನ ಎಣ್ಣೆಗೆ ಅಂಟಿಕೊಂಡರೆ ವರ್ಕ್‌ಶಾಪಿನಲ್ಲಿ ಲೋಹ ಉಜ್ಜಲು ಬಳಸುವ ಪೇಸ್ಟಿನ ಕೆಲಸ ಮಾಡುತ್ತದೆ. ಜೊತೆಗೆ ದಾರಿಬದಿಯ ಬಳ್ಳಾರಿ ಜಾಲಿ. ಅದಕ್ಕಿಂತ ಕೆಟ್ಟದ್ದು ನೆಲಕ್ಕೆ ಹಬ್ಬಿದ ನೆಗ್ಗಿಲು. ತೆಲುಗಿನಲ್ಲಿ ಪಲ್ಲೇರು, ಉರ್ದುವಿನಲ್ಲಿ ಗೋಖರು. ಮೂರು ಭಾಷೆಯಲ್ಲೂ ಟ್ಯೂಬಿಗೆ ಚುಚ್ಚುವ ಮುಳ್ಳು ಒಂದೇ.

ಹೋದ ವರ್ಷ ನಮ್ಮ ಚಿಕ್ಕಪ್ಪನ ಮಗ ಇಲ್ಲಿ ಕೆಲಸಕ್ಕೆ ಸೇರಿ ಟೋಲಿಚೌಕಿಯಲ್ಲಿ ರೂಮು ಹಿಡಿದ. ಕಚೇರಿಗೂ ಗುಡ್ಡಕ್ಕೂ ಒಂದೇ ಸೈಕಲ್ಲು ಬೇಕು ಅಂದ. ಊರಿಗೆ ದುಡ್ಡು ಕಳಿಸಿ, ಬಾಡಿಗೆ ಕಟ್ಟಿ ಉಳಿದದ್ದನ್ನು ಆರು ತಿಂಗಳು ಕೂಡಿಟ್ಟಿದ್ದ. “ಅಣ್ಣಾ, ಒಂದ್ಸಲ ತಗೊಂಡ್ರ ಹತ್ತು ವರ್ಷ ಬರಬೇಕ ನೋಡು” ಅಂತ ಅವನ ಷರತ್ತು. ಅಂಥ ದುಡ್ಡು ಎರಡನೇ ಸಲ ಕೂಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬಾಳಿಕೆ ಬರುವ ಭಾಗ ಯಾವುದು? ದುಬಾರಿಯದ್ದು ಎಂದು ಅಂಗಡಿಯವರು ಹೇಳುತ್ತಾರೆ. ನನ್ನ ಅನುಭವದಲ್ಲಿ ನಮ್ಮ ಬೀದಿಯ ಮೆಕ್ಯಾನಿಕ್ ಬಿಚ್ಚಿ ಮತ್ತೆ ಜೋಡಿಸಬಲ್ಲದ್ದು. ನನ್ನ ಮನೆಯ ಹತ್ತಿರ, ಕಂಬಗಳ ಸಾಲಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಚಾಚಾ ಇದ್ದಾರೆ. ಎರಡು ಪಾನಾ ಪೆಟ್ಟಿಗೆ, ಒಂದು ನೀರಿನ ಬೋಗುಣಿ, ಗೋಡೆಗೆ ನೇತುಹಾಕಿದ ಟಯರುಗಳು. ಗೇರಿನ ಸೈಕಲ್ಲುಗಳನ್ನೂ ಅವರು ಅಷ್ಟೇ ಸಲೀಸಾಗಿ ಬಿಚ್ಚುತ್ತಾರೆ. ಆದರೆ ಆ ಪೆಟ್ಟಿಗೆಯಲ್ಲಿಲ್ಲದ ವಿಶೇಷ ಪಾನಾ ಕೇಳುವ ಭಾಗ ಬಂದರೆ ಕೈಯೊರೆಸಿಕೊಂಡು “ಯೇ ಅಪ್ನಾ ಕಾಮ್ ನೈ ಬೇಟಾ” ಅನ್ನುತ್ತಾರೆ. ನಾನು ಏನನ್ನಾದರೂ ಕೊಳ್ಳುವ ಮೊದಲು ಆ ಮಾತು ಬರುತ್ತದೋ ಇಲ್ಲವೋ ಎಂದು ಕೇಳಿಕೊಂಡು ಬರುತ್ತೇನೆ.

ಮೊದಲು ಚೈನು. ನಮ್ಮ ಕಡೆ ಸೈಕಲ್ ಶಾಪುಗಳಲ್ಲಿ ‘ಓವರಾಯಿಲಿಂಗ್’ ಅಂತ ಬೋರ್ಡು ಇರುತ್ತದೆ. ಅದು ಓವರ್‌ಹಾಲಿಂಗ್ ಎಂಬ ಮಾತು ಬಾಯಿಂದ ಬಾಯಿಗೆ ಬಂದು ಆದದ್ದು. ಆ ಹೆಸರಿನಿಂದಲೋ ಏನೋ, ಎಣ್ಣೆ ಸುರಿದಷ್ಟೂ ಸೈಕಲ್ಲಿಗೆ ಒಳ್ಳೆಯದು ಎಂದು ಬಹಳ ಜನ ತಿಳಿದಿದ್ದಾರೆ. ಈ ನೆಲದಲ್ಲಿ ಅದು ಉಲ್ಟಾ. ಚಾಚಾ ಹೇಳುವುದು ಎರಡೇ ಮಾತು: “ಜ್ಯಾದಾ ತೇಲ್ ನಕ್ಕೋ.” ಒಣ ಬ್ರಷ್ಷಿನಿಂದ ಮರಳು ಉದುರಿಸಿ, ಬಟ್ಟೆಯಲ್ಲಿ ಒರೆಸಿ, ಚೈನಿನ ಒಂದೊಂದು ರೋಲರಿಗೂ ಒಂದೊಂದು ಹನಿ ಬಿಡಬೇಕು. ಹತ್ತು ನಿಮಿಷ ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಬೇಕು. ಎಣ್ಣೆ ಕೆಲಸ ಮಾಡುವುದು ರೋಲರಿನ ಒಳಗೆ. ಹೊರಗೆ ಉಳಿದದ್ದು ಮರಳಿಗೆ ಗೋಂದು.

ಚೈನು ಉದ್ದವಾಯಿತು ಅನ್ನುತ್ತೇವಲ್ಲ, ಉಕ್ಕೇನೂ ಹಿಗ್ಗಿರುವುದಿಲ್ಲ. ಪಿನ್ನುಗಳು ಸವೆದು ಸಂದು ದೊಡ್ಡದಾಗಿರುತ್ತದೆ. ನೋಡಲು ಮಕ್ಕಳ ಕಂಪಾಸ್ ಪೆಟ್ಟಿಗೆಯ ಅಳತೆ ಪಟ್ಟಿ ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಎಣಿಸಿ ಇಪ್ಪತ್ತನಾಲ್ಕನೆಯ ಪಿನ್ನಿನ ನಡುವಿಗೆ ಸರಿಯಾಗಿ 12 ಇಂಚು, ಅಂದರೆ 304.8 ಮಿಲಿಮೀಟರ್. ಅದು ಒಂದೂವರೆ ಮಿಲಿಮೀಟರ್ ಹೆಚ್ಚಾದರೆ ಚೈನು ಬದಲಿಸುವ ಹೊತ್ತು. ಮೂರು ಮಿಲಿಮೀಟರ್ ಆಗುವವರೆಗೆ ಬಿಟ್ಟರೆ ಹಿಂದಿನ ಹಲ್ಲುಚಕ್ರಗಳೂ ಅದೇ ಅಳತೆಗೆ ಸವೆದಿರುತ್ತವೆ. ಆಮೇಲೆ ಹೊಸ ಚೈನು ಹಾಕಿದರೂ ಹಲ್ಲು ಹಾರುತ್ತದೆ. ಅಗ್ಗದ ಭಾಗವನ್ನು ಹೊತ್ತಿಗೆ ಸರಿಯಾಗಿ ಬದಲಿಸಿ ದುಬಾರಿ ಭಾಗವನ್ನು ಉಳಿಸಿಕೊಳ್ಳುವ ಈ ಲೆಕ್ಕ ಸೈಕಲ್ಲಿನಲ್ಲಿ ಉದ್ದಕ್ಕೂ ಬರುತ್ತದೆ.

ಗೇರು ಎಷ್ಟಿರಬೇಕು? ತಮ್ಮನ ಕಣ್ಣು ಹಿಂದೆ ಹನ್ನೆರಡು ಚಕ್ರದ ಸೈಕಲ್ಲಿನ ಮೇಲಿತ್ತು. ಒಳ್ಳೆಯ ಸಾಮಾನೇ. ಆದರೆ ಅದರ ಹಲ್ಲುಚಕ್ರದ ಗುಚ್ಛ ಸವೆದರೆ ಬರುವ ಖರ್ಚು ಅವನ ಬಾಡಿಗೆಯ ಹತ್ತಿರ ಹತ್ತಿರ ಬರುತ್ತಿತ್ತು. ಎಂಟು ಚಕ್ರದ್ದಕ್ಕೆ ಸಣ್ಣ ಅಂಗಡಿಯಲ್ಲೂ ಚೈನು ಸಿಗುತ್ತದೆ. ಆರು, ಏಳು, ಎಂಟು ಚಕ್ರದವಕ್ಕೆಲ್ಲ ಒಂದೇ ಚೈನು ಹೊಂದುತ್ತದೆ.

ಗೇರಿನ ಸಂಖ್ಯೆಗಿಂತ ಮುಖ್ಯವಾಗಿ ಹಿಂದಿನ ಹಬ್ಬನ್ನು ನೋಡಬೇಕು. ಅಗ್ಗದ ಸೈಕಲ್ಲುಗಳಲ್ಲಿ ಫ್ರೀವ್ಹೀಲ್ ಗುಚ್ಛವನ್ನು ಹಬ್ಬಿಗೆ ತಿರುಪಿರುತ್ತಾರೆ. ಆಗ ಬಲಗಡೆಯ ಬೇರಿಂಗ್ ಗುಚ್ಛದ ಒಳಬದಿಗೆ ಉಳಿದು, ಆ ತುದಿಯ ಎಕ್ಸೆಲ್ ಆಧಾರವಿಲ್ಲದೆ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಬಂಡೆಯಿಂದ ಇಳಿಸಿದಾಗ ಬಾಗುವುದು, ಮುರಿಯುವುದು ಅಲ್ಲೇ. ಕ್ಯಾಸೆಟ್ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ಹೊರತುದಿಗೆ ಬಂದಿರುತ್ತದೆ, ಎಕ್ಸೆಲ್ ಎರಡೂ ಕಡೆ ಭದ್ರ. ಗುಡ್ಡಕ್ಕೆ ಹೋಗುವವರು ಬೇರೆಲ್ಲಿ ಉಳಿಸಿದರೂ ಇಲ್ಲಿ ಉಳಿಸಬಾರದು.

ಬೇರಿಂಗ್ ಎರಡು ಬಗೆ. ಹಳೆಯದು ಕೋನ್ ಮತ್ತು ಛರ್ರಾ. ಹಿಂದಿನ ಗಾಲಿಗೆ ಸಾಮಾನ್ಯವಾಗಿ ಬದಿಗೆ ಒಂಬತ್ತರಂತೆ ಕಾಲು ಇಂಚಿನ ಉಕ್ಕಿನ ಗುಂಡುಗಳು. ಯಾವ ಸೈಕಲ್ ಶಾಪಿನ ಡಬ್ಬಿಯಲ್ಲಾದರೂ ಸಿಗುತ್ತವೆ. ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಬಿಚ್ಚಿ, ಒರೆಸಿ, ಹೊಸ ಗ್ರೀಸು ತುಂಬಿದರೆ ಬಹಳ ಕಾಲ ಬರುತ್ತವೆ. ಇನ್ನೊಂದು ಸೀಲ್ ಮಾಡಿದ ಬೇರಿಂಗ್. ಅದರ ಅಂಚಿನಲ್ಲಿ 6001, 6902 ಎಂಬಂಥ ನಂಬರು ಕೆತ್ತಿರುತ್ತದೆ. ಆ ನಂಬರು ಸೈಕಲ್ ಕಂಪನಿಯದಲ್ಲ, ಲೋಕಕ್ಕೆಲ್ಲ ಒಂದೇ. 6001 ಅಂದರೆ ಒಳಗೆ 12, ಹೊರಗೆ 28, ದಪ್ಪ 8 ಮಿಲಿಮೀಟರ್. ಮೋಟರುಗಳಲ್ಲೂ ಅದೇ ಇರುತ್ತದೆ. ಸೈಕಲ್ ಅಂಗಡಿಯಲ್ಲಿ ಇಲ್ಲವೆಂದರೆ ಸಿಕಂದರಾಬಾದಿನ ರಾಣಿಗಂಜ್‌ಗೆ ಹೋಗಿ ಬೇರಿಂಗ್ ಅಂಗಡಿಯಲ್ಲಿ ನಂಬರು ಹೇಳಿದರೆ ಸಾಕು. ಎರಡು ಬಗೆಗೂ ಶತ್ರು ಒಂದೇ: ಬೈಕು ತೊಳೆಯುವ ಕಡೆ ಪೈಪಿನಿಂದ ಜೋರಾಗಿ ಬಿಡುವ ನೀರು. ಅದು ಸೀಲು ದಾಟಿ ಒಳಗೆ ಹೋಗಿ ಗ್ರೀಸನ್ನು ತೊಳೆಯುತ್ತದೆ. ಬಕೆಟ್ಟು, ಬಟ್ಟೆ ಸಾಕು.

ಬ್ರೇಕಿನ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ಎರಡು ಮಳೆಗಾಲದ ಹಿಂದೆ ನಮ್ಮ ಜೊತೆ ಬರುತ್ತಿದ್ದ ಹುಡುಗನೊಬ್ಬ ಖಾಜಾಗೂಡದ ಇಳಿಜಾರಿನಲ್ಲಿ ಬ್ರೇಕು ಹಿಡಿದ. ಲಿವರು ಹಿಡಿಕೆಗೆ ತಾಗಿತು, ಗಾಲಿ ನಿಲ್ಲಲಿಲ್ಲ. ಬಂಡೆಗೆ ಒರಗಿ ಬಿದ್ದ. ಮೊಣಕೈಗೆ ನಾಲ್ಕು ಹೊಲಿಗೆ. ಅಷ್ಟಕ್ಕೇ ಮುಗಿದದ್ದು ಪುಣ್ಯ, ಹತ್ತು ಮಾರು ಕೆಳಗಿದ್ದದ್ದು ರಸ್ತೆ. ಹೋದ ವಾರ ಸರಿಯಿದ್ದ ಪ್ಯಾಡು ಒದ್ದೆ ಮರಳಿನಲ್ಲಿ ಎರಡು ಸವಾರಿಗೆ ಮುಗಿದಿತ್ತು. ಡಿಸ್ಕ್ ಪ್ಯಾಡಿನ ಉಜ್ಜುವ ಪದರ ಅರ್ಧ ಮಿಲಿಮೀಟರಿಗೆ ಬರುವುದರೊಳಗೆ ತೆಗೆಯಬೇಕು. ಶಿಮಾನೋ ಡಿಸ್ಕುಗಳು ಹೊಸದಿದ್ದಾಗ 1.8 ಮಿಲಿಮೀಟರ್ ದಪ್ಪ, 1.5ಕ್ಕೆ ಇಳಿದರೆ ಬದಲಿಸಬೇಕು. ರೆಸಿನ್ ಪ್ಯಾಡು ಮೆತ್ತಗೆ, ಸದ್ದು ಕಡಿಮೆ, ಮಳೆಯಲ್ಲಿ ಬೇಗ ಸವೆಯುತ್ತದೆ. ಲೋಹದ ಪುಡಿಯ ಪ್ಯಾಡು ಒದ್ದೆ ಮರಳನ್ನು ಹೆಚ್ಚು ತಡೆಯುತ್ತದೆ. ಆದರೆ ಅಗ್ಗದ ಕೆಲವು ಡಿಸ್ಕುಗಳ ಮೇಲೆ ರೆಸಿನ್ ಮಾತ್ರ ಎಂದು ಬರೆದಿರುತ್ತದೆ, ಅವಕ್ಕೆ ಲೋಹದ ಪ್ಯಾಡು ಹಾಕುವಂತಿಲ್ಲ. ತಂತಿಯ ಡಿಸ್ಕ್ ಬ್ರೇಕು ಚಾಚಾನ ಕೈಗೆ ಸಿಗುವಂಥದ್ದು. ಎಣ್ಣೆಯದ್ದು ಬೇಕೆಂದರೆ ಮಿನರಲ್ ಆಯಿಲ್‌ನದು ಒಳ್ಳೆಯದು. ಡಾಟ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ, ಆಗಾಗ ಬದಲಿಸಬೇಕು.

ಮುಂದಿನ ಸಸ್ಪೆನ್ಷನ್ನು ಅಂಗಡಿಯಲ್ಲಿ ಎಲ್ಲರೂ ಒತ್ತಿ ನೋಡುವ ಭಾಗ. ಕಡಿಮೆ ಬೆಲೆಯ ಸೈಕಲ್ಲಿನಲ್ಲಿ ಅದು ಹೆಚ್ಚಾಗಿ ಭಾರವೇ. ಸೀಲಿನೊಳಗೆ ಮರಳು ಹೋದರೆ ಎರಡೇ ವರ್ಷಕ್ಕೆ ಬಿಗಿಯುತ್ತದೆ, ಬಿಚ್ಚುವವರು ಸಿಗುವುದಿಲ್ಲ. ಅದೇ ದುಡ್ಡಿಗೆ ಸಾದಾ ಫೋರ್ಕು, ದಪ್ಪ ಟಯರು, ಒಳ್ಳೆಯ ಹಬ್ಬು ಸಿಕ್ಕರೆ ಅದೇ ಲಾಭ. ಸಸ್ಪೆನ್ಷನ್ ಇದ್ದೇ ಇದ್ದರೆ, ಸವಾರಿ ಮುಗಿದ ತಕ್ಷಣ ಹೊಳೆಯುವ ಕಾಲುಗಳನ್ನು ಒಣ ಬಟ್ಟೆಯಲ್ಲಿ ಒರೆಸಿ. ಅರ್ಧ ನಿಮಿಷದ ಕೆಲಸ.

ಟಯರಿಗೆ ಬಂದರೆ ನೆಗ್ಗಿಲಿನ ಮುಂದೆ ಎಲ್ಲರೂ ಸಮಾನರು. ಟ್ಯೂಬಿನೊಳಗೆ ರಂಧ್ರ ಮುಚ್ಚುವ ದ್ರವ ಹಾಕಿಸಿದರೆ ಸಣ್ಣ ಮುಳ್ಳಿನಿಂದ ಪಾರಾಗಬಹುದು. ಆದರೆ ಇಲ್ಲಿನ ಏಪ್ರಿಲ್, ಮೇ ಬಿಸಿಲಿಗೆ ಅದು ಬೇಗ ಒಣಗುತ್ತದೆ. ವಾಲ್ವ್ ಕಾರಿನ ಬಗೆಯದಿರಲಿ. ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಾಕಿಸಬಹುದು. ಸಪೂರ ವಾಲ್ವ್ ಆದರೆ ಅದಕ್ಕೊಂದು ಹಿತ್ತಾಳೆಯ ಮೂತಿ ಜೇಬಿನಲ್ಲಿ ಇಟ್ಟುಕೊಳ್ಳಬೇಕು.

ಒಂದೆರಡು ಮಾತು ಪಾನಾ ಹಿಡಿಯುವವರಿಗೆ. ಎಡಗಡೆಯ ಪೆಡಲಿನ ತಿರುಪು ಉಲ್ಟಾ. ಸಾಮಾನ್ಯ ಇಂಗ್ಲಿಷ್ ತಿರುಪಿನ ಬಾಟಮ್ ಬ್ರಾಕೆಟ್‌ನಲ್ಲಿ ಬಲಗಡೆಯ ಕಪ್ಪು ಉಲ್ಟಾ. ಗೊತ್ತಿಲ್ಲದೆ ಬಲ ಹಾಕಿದರೆ ತಿರುಪು ಹರಿಯುತ್ತದೆ. ಪೆಡಲಿನ ತಿರುಪಿಗೆ, ಸೀಟಿನ ಕಂಬಕ್ಕೆ ವರ್ಷಕ್ಕೊಮ್ಮೆ ಗ್ರೀಸು ಸವರದಿದ್ದರೆ ಬೇಕಾದಾಗ ಅವು ಬಿಚ್ಚುವುದೇ ಇಲ್ಲ.

ತಮ್ಮ ಕೊನೆಗೆ ಎಂಟು ಚಕ್ರದ, ಕ್ಯಾಸೆಟ್ ಹಬ್ಬಿನ, ತಂತಿ ಬ್ರೇಕಿನ, ಸಾದಾ ಫೋರ್ಕಿನ ಸೈಕಲ್ಲು ತೆಗೆದುಕೊಂಡ. ಉಳಿದ ದುಡ್ಡಿನಲ್ಲಿ ಎರಡು ಚೈನು, ಎರಡು ಜೊತೆ ಪ್ಯಾಡು, ಒಂದು ಹೆಲ್ಮೆಟ್ಟು. “ಏನಣ್ಣಾ, ನೋಡಾಕ ಭಾಳ ಸಾದಾ ಐತಿ” ಅಂದ. ಒಂದು ಮಳೆಗಾಲ ಕಳೆದಿದೆ. ಒಂದು ದಿನವೂ ಅವನ ಸೈಕಲ್ಲು ಬಾಲ್ಕನಿಯಲ್ಲಿ ನಿಂತಿಲ್ಲ.

ಮೊದಲ ಸಲ ದೂರದ ಸವಾರಿಗೆ ಅವನನ್ನು ಕರೆದೊಯ್ದದ್ದು ಗಂಡಿಪೇಟೆಗೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ಕೊಚ್ಚಿಕೊಂಡು ಹೋದ ಮೇಲೆ ನಿಜಾಮ ಸರಕಾರ ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ನಗರದ ಮೇಲ್ಭಾಗದಲ್ಲಿ ಪ್ರವಾಹವನ್ನು ತಡೆಯುವ ಜಲಾಶಯಗಳು ಬೇಕೆಂದು ಅವರು ಸೂಚಿಸಿದರು. ಮೂಸಿಗೆ ಅಡ್ಡವಾಗಿ 1920ರಲ್ಲಿ ಉಸ್ಮಾನ್ ಸಾಗರ, ಅಂದರೆ ಈ ಗಂಡಿಪೇಟೆ, ಈಸಿಗೆ ಅಡ್ಡವಾಗಿ 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ನೂರು ವರ್ಷ ದಾಟಿದರೂ ಮಳೆಗಾಲದಲ್ಲಿ ಗೇಟು ಎತ್ತಿದ ಸುದ್ದಿ ಇಂದಿಗೂ ಪತ್ರಿಕೆಯಲ್ಲಿ ಬರುತ್ತದೆ. ಕಟ್ಟೆಯ ಕಲ್ಲು ಗಟ್ಟಿಯಿದ್ದರೆ ಸಾಲದು, ಗೇಟು ತುಕ್ಕು ಹಿಡಿಯದಂತೆ ನೋಡುವವರೂ ಬೇಕು. ತಮ್ಮ ನೀರು ನೋಡುತ್ತ ನಿಂತಿದ್ದ. ನಾನು ಅವನ ಹಿಂದಿನ ಟಯರಿನಿಂದ ನೆಗ್ಗಿಲು ಮುಳ್ಳು ಕೀಳುತ್ತಿದ್ದೆ.

ನೀವು ಪುಣೆಯಲ್ಲಿರಿ, ದುಬೈಯಲ್ಲಿರಿ, ಇಲ್ಲೇ ಪಕ್ಕದ ಗಲ್ಲಿಯಲ್ಲಿರಿ, ಗುಡ್ಡದ ಸೈಕಲ್ಲು ಕೊಳ್ಳುವ ಮನಸ್ಸಾದರೆ ಷೋರೂಮಿಗಿಂತ ಮೊದಲು ಮನೆಯ ಹತ್ತಿರದ ಪಂಕ್ಚರ್ ಅಂಗಡಿಗೆ ಹೋಗಿ. ಅಲ್ಲಿ ಯಾವ ಚೈನು ನೇತುಹಾಕಿದ್ದಾರೆ, ಯಾವ ಪಾನಾ ಇದೆ, ನೋಡಿ. ಒಂದು ಚಹಾ ಕುಡಿಯುವಷ್ಟು ಹೊತ್ತು ಕೂತು ಮಾತಾಡಿ. ಮುಂದಿನ ಹತ್ತು ವರ್ಷ ನಿಮ್ಮ ಸೈಕಲ್ಲನ್ನು ಓಡಿಸುವವರಲ್ಲಿ ಅವರೂ ಒಬ್ಬರು.