ಜಟಾಯುವಿನ ಬೆಟ್ಟ, ಪುಷ್ಪಕದ ರನ್‌ವೇ

ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟ ನೋಡಿದಾಗಲೆಲ್ಲ ಒಂದು ಸೋಜಿಗ ಕಾಡುತ್ತದೆ. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ಅಡ್ಡಗಟ್ಟಿ, ರೆಕ್ಕೆ ಕಡಿಸಿಕೊಂಡು ಜಟಾಯು ಬಿದ್ದದ್ದು ಇಲ್ಲೇ ಅನ್ನುತ್ತಾರೆ ಹಿರಿಯರು. ಪಕ್ಕದ ಚಳ್ಳಕೆರೆ ತಾಲ್ಲೂಕಿನಲ್ಲಿ ಇಸ್ರೋ ಇಳಿಸಿದ ರೆಕ್ಕೆಯ ವಾಹನದ ಹೆಸರೂ ರಾವಣನ ವಿಮಾನದ್ದೇ, ಪುಷ್ಪಕ!

ಅಲ್ಲಿನ ಡಿಆರ್‌ಡಿಒ ಪರೀಕ್ಷಾ ವಲಯದಲ್ಲಿ ಅದನ್ನು ಇಳಿಸುವ ಮೊದಲ ಪ್ರಯೋಗ ನಡೆದದ್ದು 2023ರ ಏಪ್ರಿಲ್ 2ರಂದು. ನನಗೆ ರೋಮಾಂಚನವಾದದ್ದು ಮಾತ್ರ ಮೂರನೆಯದಕ್ಕೆ, 2024ರ ಜೂನ್ 23ರಂದು. ಚಿನೂಕ್ ಹೆಲಿಕಾಪ್ಟರ್ ಅದನ್ನು ನೇತುಹಾಕಿಕೊಂಡು ನಾಲ್ಕೂವರೆ ಕಿಲೋಮೀಟರ್ ಮೇಲೊಯ್ದು ಬಿಟ್ಟಿತು. ಅದೂ ರನ್‌ವೇಯ ನೇರಕ್ಕಲ್ಲ, 500 ಮೀಟರ್ ಪಕ್ಕಕ್ಕೆ. ಒಳಗೆ ಪೈಲಟ್ ಇಲ್ಲ, ಎಂಜಿನ್‌ನ ಬಲವೂ ಇಲ್ಲ. ತಾನೇ ದಾರಿ ತಿದ್ದಿಕೊಂಡು ತೇಲಿ ಬಂತು. ಗಂಟೆಗೆ 320 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ನೆಲ ಮುಟ್ಟಿತು. ಹಿಂದೆ ಪ್ಯಾರಾಚೂಟ್ ಅರಳಿತು, ವೇಗ ನೂರರ ಆಸುಪಾಸಿಗೆ ಇಳಿಯಿತು, ಆಮೇಲೆ ಚಕ್ರಕ್ಕೆ ಬ್ರೇಕು.

ಮಾರ್ಚ್‌ನ ಎರಡನೇ ಪ್ರಯೋಗದಲ್ಲಿ ಇಳಿದಿದ್ದ ಅದೇ ಒಡಲು, ಅದೇ ರೆಕ್ಕೆ ಜೂನ್‌ನಲ್ಲಿ ಮತ್ತೆ ಹಾರಿದ್ದು. ಉಪಗ್ರಹ ಬಿಟ್ಟು ಮರಳಿ ಬರುವ ರಾಕೆಟ್‌ಗೆ ಬೇಕಾದದ್ದೇ ಇದು.

ಇಳಿಯುವ ವಿಡಿಯೊ ಇಸ್ರೋ ಹಾಕಿದೆ. ಮಕ್ಕಳಿಗೆ ಜಟಾಯುವಿನ ಕಥೆ ಹೇಳಿದ ದಿನವೇ ಅದನ್ನೂ ತೋರಿಸಿ.