ಹೇಗಿತ್ತು ಚಿತ್ರ?

ಚಲನಚಿತ್ರ ನೋಡಿ ಬಂದವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಉತ್ತರವೂ ಸಿದ್ಧವಾಗಿಯೇ ಇರುತ್ತದೆ: 'ಪರವಾಗಿಲ್ಲ, ಒಮ್ಮೆ ನೋಡಬಹುದು.' ನೂರಾರು ಜನರ ದುಡಿಮೆಗೆ ಮೂರೇ ಪದಗಳ ತೀರ್ಪು! ವಿಮರ್ಶಕರು ಇದನ್ನು ಕೇಳಿ ಮೂಗು ಮುರಿಯುವುದುಂಟು. ಆದರೆ ಇಂಥ ಹಗುರ ಮಾತುಗಳ ನಡುವೆ ಎಷ್ಟೋ ಸಲ ಭಾರವಾದುದೊಂದು ಅಡಗಿರುತ್ತದೆ.

ಪುಟ್ಟಣ್ಣ ಕಣಗಾಲರ 'ಶರಪಂಜರ'ವನ್ನೇ ನೋಡಬಹುದು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ 1971ರಲ್ಲಿ ತೆರೆಕಂಡ ಚಿತ್ರವಾದರೂ, ಕಿರುತೆರೆಯ ಮೂಲಕ ಅದು ಇಂದಿಗೂ ಮನೆಯೊಳಗೆ ಬರುತ್ತದೆ. ಬಾಣಂತಿತನದಲ್ಲಿ ಚಿತ್ತಭ್ರಮಣೆಗೊಳಗಾದ ಕಾವೇರಿ ಗುಣಮುಖಳಾಗಿ ಆಸ್ಪತ್ರೆಯಿಂದ ಹಿಂದಿರುಗುತ್ತಾಳೆ. ಮನೆ ಮಾತ್ರ ಅವಳನ್ನು ರೋಗಿಯೆಂದೇ ಕಾಣುತ್ತದೆ. ಚಿತ್ರ ಮುಗಿದೊಡನೆ ಮನೆಯ ಯಜಮಾನರು 'ಹಾಡುಗಳು ಸೊಗಸು' ಎನ್ನುತ್ತಾರೆ. ಅವರ ತಾಯಿ ಕಲ್ಪನಾ ಉಟ್ಟ ಸೀರೆಗಳನ್ನು ಹೊಗಳುತ್ತಾರೆ. ತಟ್ಟೆಗಳನ್ನು ಎತ್ತುತ್ತಿದ್ದ ಸೊಸೆ ಯಾರತ್ತಲೂ ನೋಡದೆ, 'ಒಬ್ಬರಾದರೂ ಅವಳನ್ನು ನಂಬಬಹುದಿತ್ತು' ಎಂದು ಒಳಗೆ ನಡೆಯುತ್ತಾಳೆ.

ಅದು ಕಾವೇರಿಯೊಬ್ಬಳ ಕುರಿತ ಮಾತೇ? ತನ್ನ ಹೆಸರಿನಲ್ಲಿ ಆಡಲಾಗದುದನ್ನು ಪಾತ್ರವೊಂದರ ಹೆಸರಿನಲ್ಲಿ ಆಡುವ ಸ್ವಾತಂತ್ರ್ಯವನ್ನು ಚಲನಚಿತ್ರ ಮನುಷ್ಯರಿಗೆ ಕೊಟ್ಟಿದೆ. ಆ ಮಾತಿಗೆ ಯಾರೂ ಲೆಕ್ಕ ಕೇಳುವುದಿಲ್ಲ. ಕೇಳಿದರೂ 'ಸಿನಿಮಾದ ವಿಷಯ ಹೇಳಿದೆ' ಎಂದು ಜಾರಿಕೊಳ್ಳಬಹುದು. ಅಂಥ ಅಭಿಪ್ರಾಯವೊಂದು ಕಿವಿಗೆ ಬಿದ್ದಾಗ, ಹಾಡಿನ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಿ ಯಜಮಾನರು ಅಡುಗೆಮನೆಯತ್ತ ನಾಲ್ಕು ಹೆಜ್ಜೆ ಹಾಕುವುದು ಲೇಸು.